ಮುಂದಿನ ಭಾಗದಲ್ಲಿ ಮದುವೆ

ದೆವ್ವವಾಗಿ ಬರುವ ಹುಡುಗನ ಹೊಸ ಪ್ರೇಮಕಾದಂಬರಿ ಬೇಕೇ ಬೇಕು, ಅದೂ ಲೇಖಕಿಯ ಸಹಿಯೊಂದಿಗೆ, ಎಂದು ಮಗಳು ಹಟ ಹಿಡಿದಿದ್ದಳು. ಪುಸ್ತಕದಂಗಡಿಯ ಸಾಲಿನಲ್ಲಿ ನಿಂತು ನಿಂತು ದರ್ಜಿಯಮ್ಮನ ಕಾಲು ಮರಗಟ್ಟಿತ್ತು. ಅವಳ ಮುಂದೆ ಒಬ್ಬ ತಾಯಿ, ಜೊತೆಗೆ ಹರೆಯದ ಮಗಳು. ಬೇಡವೆಂದರೂ ಅವರ ಮಾತು ಕಿವಿಗೆ ಬೀಳುತ್ತಿತ್ತು.

"ಪೂರ್ತಿ ಓದಿದ್ಯೇನೇ?"

"ಓದ್ದೆ. ಕಥೆಯ ಹುಡುಗ ನಮ್ಮ ಅಣ್ಣನೇ ಅಮ್ಮ. ಅದೇ ಸೈಕಲ್ಲು, ಅದೇ ನೀಲಿ ಸ್ವೆಟರು. ಸತ್ತ ಮೇಲೆ ದಿನಾ ಇವಳ ಕಿಟಕಿಗೆ, ಇದನ್ನ ಬರೆದೋಳ ಕಿಟಕಿಗೇ, ಬರ್ತಾನೆ."

"ನಮ್ಮನೆ ಕಿಟಕಿ ನಾಲ್ಕು ವರ್ಷದಿಂದ ತೆಗೆದೇ ಇದೆ. ಒಂದಿನಾನೂ ಬರ್ಲಿಲ್ಲ."

"ಅದು ಕಥೆ ಅಮ್ಮ."

"ಕಥೇಲೂ ತೊದಲ್ತಾನಾ?"

"ಇಲ್ಲ. ಅರಳು ಹುರಿದ ಹಾಗೆ ಮಾತಾಡ್ತಾನೆ."

"ಕ್ಲಾಸಲ್ಲಿ ಅವನ ತೊದಲು ಆಡಿ ತೋರಿಸಿ ಎಲ್ರನ್ನೂ ನಗಿಸ್ತಿದ್ದೋಳು ಇವಳೇ ಅಲ್ವಾ?"

"ಹೂಂ. ಮುಂದಿನ ಭಾಗದಲ್ಲಿ ಇಬ್ರೂ ಮದುವೆ ಆಗ್ತಾರಂತೆ."

"ಬದುಕಿದ್ದಾಗ ಬೇಡವಾದೋನು, ಸತ್ತ ಮೇಲೆ ಗಂಡನಾದ್ನಾ!"

ಸಾಲು ಕರಗಿ ಆ ತಾಯಿಯ ಸರದಿ ಬಂತು. ಮೇಜಿನ ಹಿಂದೆ ಕೂತಿದ್ದ ಲೇಖಕಿ, ಇಪ್ಪತ್ತರ ಹುಡುಗಿ, ತಲೆ ಎತ್ತದೆಯೇ ಕೇಳಿದಳು: "ಯಾರ ಹೆಸರು ಬರೀಲಿ?"

"ಹೆಸರು ಬೇಡಮ್ಮ. ಮುಂದಿನ ಭಾಗದಲ್ಲಿ ನನ್ನ ಮಗ ತೊದಲಲಿ. ಅವನ ಮಾತು ಮುಗಿಯೋವರೆಗೂ ನೀನು ನಗದೆ ಕಾಯಿ. ಅಷ್ಟೇ ಸಾಕು."

ಪೆನ್ನು ನಿಂತಿತು. ಸಹಿಯಿಲ್ಲದ ಪುಸ್ತಕವನ್ನು ಕಂಕುಳಿಗೆ ಸಿಕ್ಕಿಸಿಕೊಂಡು ತಾಯಿ ಹೊರಟಳು, ಹಿಂದೆಯೇ ಮಗಳು.

ತನ್ನ ಸರದಿ ಬಂದಾಗ ದರ್ಜಿಯಮ್ಮ ಮಗಳ ಹೆಸರು ಹೇಳದೆ, ಸಹಿಯಿಲ್ಲದ ಪುಸ್ತಕವನ್ನೇ ಚೀಲಕ್ಕೆ ಹಾಕಿಕೊಂಡಳು.