ಪರದೇಶದ ಕೋಸು

ಹಡಗು ಅಂತೆ ಅತ್ತಿಗೆ, ಹಡಗು! ನಿಮ್ಮ ಆ ಸೋರೋ ದೋಣೀನ ಲಂಡನ್ನಿಂದ ಬಂದ ಹಡಗಿನ ಸಾಲಿಗೆ ಸೇರಿಸಿಬಿಟ್ರಲ್ಲ ನಮ್ಮ ನ್ಯೂಯಾರ್ಕಿನೋರು. ಒಳಗೆ ಇದ್ದಿದ್ದೇನು, ನಲವತ್ತು ಕೋಸು, ಒಂದು ಬುಟ್ಟಿ ಮೊಟ್ಟೆ. ನಗಬಾರದು, ಗೊತ್ತು. ನಿಮ್ಮ ದೋಣಿ ಹಿಡ್ಕೊಂಡು ಹೋಗಿದಾರೆ, ನಾನಿಲ್ಲಿ ನಗ್ತಾ ಇದೀನಿ... ಕೂತ್ಕೊಳಿ. ಆ ಕಾಗದ ಮೇಜಿನ ಮೇಲಿರ್ಲಿ. ಸಹಿ ತಾನೆ, ಹಾಕಿದ್ರಾಯ್ತು. ಮೊದ್ಲು ಮಜ್ಜಿಗೆ ಕುಡೀರಿ.

ತಪ್ಪು ನಿಮ್ದೂ ಇದೆ ಬಿಡಿ. ಅಣ್ಣ ಇದ್ದಾಗ ಬರ್ತಿದ್ದ ಹಾಗೇ ಹೊಳೆಯಾಚೆ ಜೆರ್ಸಿ ರಾಜ್ಯದ ದಡದಿಂದ ಹುಟ್ಟು ಹಾಕ್ಕೊಂಡು ನೆಟ್ಟಗೆ ಮಾರುಕಟ್ಟೆಗೆ ಬಂದ್ಬಿಟ್ರಿ. ಈಗ ಹಾಗಿಲ್ಲ. ಮೊದ್ಲು ಸುಂಕದ ಕಟ್ಟೆಗೆ ಹೋಗಿ, ಕೈಕಟ್ಟಿ ನಿಂತು, 'ಸ್ವಾಮಿ, ನಾನು ಪರದೇಶದೋಳು, ಕೋಸು ತಂದಿದೀನಿ' ಅನ್ನಬೇಕು. ಎಂಥಾ ಪರದೇಶ ಅಂದ್ರೆ, ಈ ಕಿಟಕೀಲಿ ನಿಂತ್ರೆ ನಿಮ್ಮನೆ ಒಲೆ ಹೊಗೆ ಕಾಣುತ್ತೆ.

ಯಾಕೆ ಹಾಗೆ ನೋಡ್ತೀರಿ? ನಿಮ್ಮ ಜೆರ್ಸಿಯೋರೇನು ಕಮ್ಮಿನಾ? ಹಡಗಿಗೆ ದಾರಿ ತೋರೋ ನಮ್ಮ ದೀಪಸ್ತಂಭ ನಿಮ್ಮ ಮರಳಲ್ಲಿ ನಿಂತಿದೆ ಅಂತ ಅದಕ್ಕೇ ತೆರಿಗೆ ಜಡಿದರಲ್ಲ. ಅತ್ಲಾಗೆ ಅವರು, ಇತ್ಲಾಗೆ ಇವರು.

ಏನು, ಮಹಾಸಭೆಗಾ? ಹೋಗಿ, ಇಲ್ಲೇ ಊರಲ್ಲೇ ಕೂರುತ್ತೆ. ಹದಿಮೂರು ರಾಜ್ಯಕ್ಕೂ ದೊಡ್ಡದು ಅಂತ ಹೆಸರು, ಅರ್ಧ ಕುರ್ಚಿ ಖಾಲಿ. ಪಾಪ, ಒಳ್ಳೆ ಜನ, ಕೂರಿಸಿ ಕೇಳ್ತಾರೆ. ಆಮೇಲೆ ನ್ಯೂಯಾರ್ಕಿಗೆ 'ದಯಮಾಡಿ' ಅಂತ ಒಂದು ಓಲೆ ಬರೀತಾರೆ. ನ್ಯೂಯಾರ್ಕು ಓದುತ್ತೆ, ಮಡಚಿ ಇಡುತ್ತೆ. ಮಹಾಸಭೆ ಸ್ವಂತಕ್ಕೆ ಒಂದು ಸುಂಕ ಹಾಕೋಣ ಅಂದ್ರೂ, ಹನ್ನೆರಡು ರಾಜ್ಯ ಹೂಂ ಅಂದು ಒಂದು ಊಹೂಂ ಅಂದ್ರೆ ಮುಗೀತು. ಹದಿಮೂರು ಸೊಸೆಯರು ಹದಿಮೂರು ಒಲೆ ಹೂಡ್ಕೊಂಡ ಮನೇಲಿ ಜಗಲಿ ಮೇಲೆ ಕೂತ ಮಾವ ಇದ್ದ ಹಾಗೆ ಆ ಮಹಾಸಭೆ, ಅತ್ತಿಗೆ. ಊಟಕ್ಕೆ ಕರೆದ್ರೆ ಉಂಟು.

ಬಾರೆಂಟಣ್ಣನ ಹೆಸರು ಎತ್ತಬೇಡಿ. ನೀವೆಲ್ಲಿ ಎತ್ತಿದ್ರಿ, ಸರಿ, ನಾನೇ ಎತ್ತಿದೆ. ಒಂದೇ ದೇಶ, ಒಂದೇ ದೇಶ ಅಂತ ಯುದ್ಧದಲ್ಲಿ ಇಂಗ್ಲಿಷರ ಗುಂಡು ತಿಂದ. ಪಕ್ಕದಲ್ಲೇ ಇದ್ದೆ ನಾನು. ಅವಳನ್ನ ನೋಡ್ಕೋ ಟ್ಯೂನಿಸ್ ಅಂದ. ನೋಡ್ಕೊಂಡಿಲ್ವಾ? ಹೋದ ಚಳೀಲಿ ಸೌದೆ ಕಳಿಸಿದ್ದು ಯಾರು?

ಮಜ್ಜಿಗೆ ಮುಟ್ಟೇ ಇಲ್ಲ ನೀವು. ಲೇಖನಿ ಯಾಕೆ ಕೈಗೆ ತುರುಕ್ತೀರಿ... ಗೊತ್ತು, ನಾಳೆ ಹರಾಜು. ನ್ಯೂಯಾರ್ಕಿನ ಯಾವನಾದ್ರೂ ತೋಟದೋನು 'ಈಕೆ ಕಳ್ಳಸಾಗಣೆಯೋಳಲ್ಲ' ಅಂತ ಜಾಮೀನು ನಿಂತ್ರೆ ದೋಣಿ ಬಿಡ್ತಾರೆ, ಅದೂ ಗೊತ್ತು. ದೋಣಿ ಹೋದ್ರೆ ನಿಮ್ಗೆ ಬೇರೆ ಬದುಕಿಲ್ಲ, ಅದೂ ಗೊತ್ತು. ಪಕ್ಕದ ಹರ್ಮಾನಸ್‌ನ ಕೇಳಿದ್ರಾ? ಸ್ವಂತ ಮೈದುನ ಇರುವಾಗ ನಾನ್ಯಾಕೆ ಅಂದನಾ? ಅಷ್ಟೇನಾ? ಬೇರೇನೂ ಅನ್ನಲಿಲ್ವಾ?

ಅತ್ತಿಗೆ, ಬೈಯ್ರಿ ಬೇಕಾದ್ರೆ. ಹೀಗೆ ನನ್ನ ಹಿತ್ತಲ ಕಡೆ ನೋಡಬೇಡಿ... ಹೌದು, ಅಲ್ಲಿ ರಾಶಿ ಬಿದ್ದು ಕೊಳೀತಿರೋದು ಕೋಸೇ. ನಿಮ್ದು ಬೆಳಗ್ಗೆ ಏಳಕ್ಕೆಲ್ಲ ಖಾಲಿ, ನನ್ದು ಹಂದಿಗೆ. ಬೀಜ ಅದೇ, ಅಣ್ಣ ಕೊಟ್ಟಿದ್ದೇ. ಜನಕ್ಕೆ ನಿಮ್ದೇ ಬೇಕು. ಹೊಟ್ಟೆ ಉರೀತು. ಕಾನೂನು ನಾನು ಮಾಡಿದ್ದಲ್ಲ ಅತ್ತಿಗೆ, ಇತ್ತು. ಕಟ್ಟೆಯೋರು ಒಂದ್ಸಲ ಗದರಿಸ್ತಾರೆ, ನೀವು ಹೆದರಿ ಒಂದೆರಡು ವಾರ ಈ ಕಡೆ ಬರಲ್ಲ, ಅಷ್ಟರಲ್ಲಿ ನನ್ದು ಮಾರಿ ಹೋಗುತ್ತೆ ಅಂದ್ಕೊಂಡೆ. ದೋಣೀನೇ ಎಳ್ಕೊಂಡು ಹೋಗ್ತಾರೆ ಅಂತ...

ಲೇಖನಿ ಇಟ್ಬಿಡಿ. ದೂರು ಕೊಟ್ಟೋನೇ ಜಾಮೀನಿಗೂ ಸಹಿ ಹಾಕೋ ಹಾಗಿಲ್ವಂತೆ. ಮೊನ್ನೇನೇ ಹೋಗಿ ಕೇಳ್ಕೊಂಡು ಬಂದೆ.