ಕೊನೆಯ ಸಾಲಿಗೆ ಒಂದು ಉಡಿ

ಅಧ್ಯಕ್ಷರಾದ ಜಂಬುನಾಥ ಸರ್ ಅವರೇ, ನಾವೆಲ್ಲ ಅಭಿನಂದಿಸಲು ಬಂದಿರುವ ಡಾಕ್ಟರ್ ಪಂಪಾವತಿ ಮೇಡಂ ಅವರೇ, ಮಹಿಳಾ ಸಂಘದ ಅಕ್ಕಂದಿರೇ, ಫ್ಯಾನಿನ ಕೆಳಗೆ ಕುರ್ಚಿ ಸಿಕ್ಕ ಮತ್ತು ಸಿಗದ ಎಲ್ಲ ಸಭಿಕರೇ,

ನನಗೆ ಮದುವೆಯಾಗಿ ಇನ್ನೂ ತಿಂಗಳು ತುಂಬಿಲ್ಲ. ಏನು ಕಂಡರೂ ಖುಷಿ! ಕಂಪ್ಲಿಯಿಂದ ಹೊಸಪೇಟೆಗೆ ಬರುವಾಗ ದಾರಿಯ ಭತ್ತದ ಗದ್ದೆಗೂ ಕೈಬೀಸಿದೆ. ನಮ್ಮ ಯಜಮಾನರು ಬಸವಕುಮಾರ್, ರೈಸ್ ಮಿಲ್ಲಿನವರು, ಅಗೋ ಅಲ್ಲಿ ಕೂತಿದ್ದಾರೆ. "ಐದು ನಿಮಿಷ ಸಾಕು ಸುನಿತಾ, ಜನ ಉಣ್ಣಬೇಕು" ಎಂದು ಹೇಳಿಯೇ ಕಳಿಸಿದ್ದಾರೆ. ಪ್ರಯತ್ನಿಸುತ್ತೇನೆ.

ಮೇಡಂ ಅವರ ಸಂಶೋಧನಾ ಲೇಖನ ಹೊರದೇಶದ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಗಿದೆ. ಇಂಗ್ಲಿಷ್ ಮೀಡಿಯಂ ಹುಡುಗಿ ಎಂದು ಅದನ್ನು ಕನ್ನಡದಲ್ಲಿ ಹೇಳುವ ಕೆಲಸ ನನಗೆ ಕೊಟ್ಟರು. ಕನ್ನಡದಲ್ಲಿ ನಾನು ಹೇಗೋ ಪಾಸಾದವಳು, ಕ್ಷಮಿಸಬೇಕು.

ಗರ್ಭಕಂಠದ ಕ್ಯಾನ್ಸರನ್ನು ಬೇಗ ಕಂಡುಹಿಡಿದರೆ ಹೆಂಗಸು ಉಳಿಯುತ್ತಾಳೆ. ಆದರೆ ತಪಾಸಣೆಗೆ ಯಾರು ಬರುತ್ತಾರೆ? ಮೆಟ್ರಿ ಹಳ್ಳಿಯ ಮೊದಲ ಶಿಬಿರಕ್ಕೆ ಯಾರೂ ಬರಲಿಲ್ಲ. ಆಗ ಮೇಡಂ "ಉಡಿ ತುಂಬ್ತೀವಿ, ಬರ್ರಿ" ಎಂದು ಮನೆಮನೆಗೆ ಹೇಳಿ ಕಳಿಸಿದರು. ಮಡಿಲಿಗೆ ಅಕ್ಕಿ, ಕೊಬ್ಬರಿ, ಕುಪ್ಪಸದ ಖಣ. ಬಂದರು ನೋಡಿ ಹೆಂಗಸರು, ಹೊಸ ಸೀರೆ ಉಟ್ಟು! ಎಲ್ಲರೂ ಹಿಗ್ಗಿದರು. ಮೇಡಂ ಮಾತ್ರ ಬಾಗಿಲ ಕಡೆಗೇ ನೋಡುತ್ತಿದ್ದರಂತೆ. ಬಂದವರಲ್ಲಿ ಗಂಡ ಸತ್ತವರು ಒಬ್ಬರೂ ಇರಲಿಲ್ಲ. ಮುತ್ತೈದೆಯರಿಗೆ ತುಂಬುವ ಉಡಿ ಎಂದ ಮೇಲೆ ಅವರು ಹೇಗೆ ಬಂದಾರು? ಕರೆದ ರೀತಿಯೇ ಅವರನ್ನು ದೂರ ಇಟ್ಟಿತ್ತು. ಮುಂದಿನ ಶಿಬಿರದಲ್ಲಿ ಮೇಡಂ ಮೊದಲ ಉಡಿ ತುಂಬಿದ್ದು ಗಂಡನಿಲ್ಲದ ತಮ್ಮ ತಾಯಿಗೆ. ಆಮೇಲೆ ಅವರೂ ಒಬ್ಬೊಬ್ಬರಾಗಿ ಬಂದರು. ಇದೆಲ್ಲ ಲೇಖನದಲ್ಲಿದೆ. ತಮ್ಮ ತಪ್ಪನ್ನು ಯಾರು ಅಚ್ಚು ಹಾಕಿಸುತ್ತಾರೆ, ಹೇಳಿ?

ಇಲ್ಲಿ ನಾನು ಸ್ವಲ್ಪ ದಾರಿ ತಪ್ಪುತ್ತೇನೆ. ನನಗೆ ತಾಯಿಯ ಮುಖ ನೆನಪಿಲ್ಲ. ಸಾಕಿದವಳು ಪಾಪಿನಾಯಕನಹಳ್ಳಿಯ ಚಿಕ್ಕಮ್ಮ, ನನ್ನ ಚಿಗವ್ವ ಕೊಟ್ರಬಸಮ್ಮ. ಚಿಗಪ್ಪ ಬೇಗ ತೀರಿಹೋದ. ಆಕೆ ಕುಪ್ಪಸ ಹೊಲಿದು ನನ್ನನ್ನು ಇಂಗ್ಲಿಷ್ ಶಾಲೆಗೆ ಕಳಿಸಿದಳು. ನನ್ನ ಮದುವೆಯಲ್ಲಿ ಅಕ್ಷತೆ ಹಾಕಲು ಯಾರ್ಯಾರೋ ಬಂದರು. ನನ್ನ ತಲೆ ಕಾಯುತ್ತಿದ್ದದ್ದು ಒಂದೇ ಕೈಗಾಗಿ. ಆ ಕೈ ಅಡುಗೆಮನೆಯ ಬಾಗಿಲು ಹಿಡಿದು ನಿಂತಿತ್ತು. ಕರೆದೆ. "ಬ್ಯಾಡಲೇ, ಇಲ್ಲಿಂದನ ಕಾಣ್ತೀ. ಮಸ್ತ್ ಕಾಣ್ತೀ" ಅಂದಳು.

ಲೇಖನದಲ್ಲಿ ಒಂದು ವಾಕ್ಯವಿದೆ: ಮುಟ್ಟು ನಿಂತು ವರ್ಷಗಳಾದ ಮೇಲೆ ಮತ್ತೆ ರಕ್ತ ಕಂಡರೆ ತಡಮಾಡಬಾರದು. ಅದನ್ನು ಕನ್ನಡ ಮಾಡುವಾಗ ನನ್ನ ಪೆನ್ನು ನಿಂತುಬಿಟ್ಟಿತು. ಹೋದ ವಾರ ತವರಿಗೆ ಹೋದಾಗ ಚಿಗವ್ವ ನಸುಕಿನಲ್ಲಿ ಒಬ್ಬಳೇ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. "ಏನದು?" ಎಂದೆ. "ಏನಿಲ್ಲ, ಒಳಗ ಹೋಗು. ಹೊಸ ಮದಿಮಗಳು ಎಲ್ಲಾ ಕೇಳಬಾರ್ದು" ಎಂದಳು.

ಅಯ್ಯೋ, ಇಷ್ಟು ಹೇಳಬಾರದಿತ್ತೇನೋ. ದಯವಿಟ್ಟು ಯಾರೂ ಹಿಂದೆ ತಿರುಗಿ ನೋಡಬೇಡಿ.

ಅಕ್ಕಂದಿರೇ, ಮದುಮಗಳೆಂದು ಈಗ ತಾನೇ ಈ ವೇದಿಕೆಯಲ್ಲಿ ನನಗೆ ಉಡಿ ತುಂಬಿದಿರಿ. ಕಂಪ್ಲಿಯಲ್ಲಿ ಮನೆಮನೆಯಲ್ಲೂ ತುಂಬಿದ್ದಾರೆ, ಕೊಬ್ಬರಿ ಇಡಲು ಡಬ್ಬಿ ಸಾಲುತ್ತಿಲ್ಲ. ಇದನ್ನು ನಾನು ಕೊನೆಯ ಸಾಲಿಗೆ ಒಯ್ಯುತ್ತೇನೆ.

ಚಿಗವ್ವಾ, ಏಳಬ್ಯಾಡ, ಚಪ್ಪಲಿ ಹುಡುಕಬ್ಯಾಡ. ಸೆರಗು ಒಡ್ಡು. ನಾಳೆ ಬೆಳಿಗ್ಗೆ ಇಬ್ಬರೂ ಮೇಡಂ ಹತ್ರ ಹೋಗೂಣು. ನಾನೂ ಒಳಗ ಬರ್ತೀನಿ, ಕೈ ಹಿಡ್ಕೊಂತೀನಿ. ಈಗ ಈ ಉಡಿಯಾಗಿನ ಅಕ್ಕೀನ ನಾಕು ಕಾಳು ತಗೊಂಡು ನನ್ನ ತಲೀಮ್ಯಾಲೆ ಹಾಕು. ನಾನಿನ್ನೂ ಕಾಯಾಕತ್ತೀನಿ.

ಮೇಡಂ ಅವರಿಗೆ, ಅಧ್ಯಕ್ಷರಿಗೆ, ತಾಳ್ಮೆಯಿಂದ ಕೇಳಿದ ನಿಮಗೆಲ್ಲ ವಂದನೆಗಳು. ಸ್ವಲ್ಪ ದಾರಿ ಬಿಡಿ, ಇಳಿದು ಬರುತ್ತಿದ್ದೇನೆ. ನಮಸ್ಕಾರ.