ತೊಳೆಯದೆ ಉಳಿದ ಸಮುದ್ರ

ಬಸ್ಸಿಗೆ ಕಾಯುವ ಸಾಲಿನಲ್ಲಿ ನನ್ನ ಮುಂದೆ ಇಬ್ಬರಿದ್ದರು. ಒಬ್ಬಾಕೆ ಪ್ರಯೋಗಾಲಯದಲ್ಲಿ ಗಾಜಿನ ಸಾಮಾನು ತೊಳೆಯುವವಳು, ಇನ್ನೊಬ್ಬಳು ಅಲ್ಲೇ ಸಂಶೋಧನೆ ಮಾಡುವ ಹುಡುಗಿ. ಮಾತಿನಿಂದಲೇ ಅಷ್ಟು ತಿಳಿಯಿತು.

“ಅಕ್ಕಾ, ಕಿಟಕಿ ಪಕ್ಕ ಇಟ್ಟಿದ್ದ ನನ್ನ ಫ್ಲಾಸ್ಕ್ ಕಾಣಿಸ್ತಿಲ್ಲ.”

“ಆ ಕಂದು ಗಲೀಜಿಂದಾ? ತೊಳೆಯೋ ತೊಟ್ಟೀಲಿದೆ ಕಣಮ್ಮ.”

“ಅಯ್ಯೋ, ತೊಳೆದುಬಿಟ್ರಾ? ತಿಂಗಳ ಕೆಲಸ ಅದು! ನಾಳೆ ಸರ್‌ಗೆ ತೋರಿಸ್ಬೇಕು!”

“ತೊಳೀತಿದ್ದೆ. ಸೋಪು ಮುಗಿದಿತ್ತು. ನಾಳೆ ನೋಡ್ಕೊಳ್ಳೋಣ ಅಂತ ಬಿಟ್ಟೆ.”

“ಮುಚ್ಚಳ ತೆಗೆದ್ರಾ?”

“ಇಲ್ಲಮ್ಮ, ನಿನ್ನಾಣೆ.”

“ಅಬ್ಬಾ, ಹೋದ ಜೀವ ಬಂತು!”

“ಅಂಥಾದ್ದೇನಿದೆ ಅದರಲ್ಲಿ?”

“ಭೂಮಿ ಎಳೇದಾಗಿದ್ದಾಗ ಇದ್ದಂಥ ಸಮುದ್ರ ಮಾಡಿ ನೋಡ್ತಿದ್ದೀನಿ. ನೀರು, ಗಾಳಿ, ಮಿಂಚಿನ ಬದಲು ಕರೆಂಟು. ಜೀವ ಕಟ್ಟೋ ಸಾಮಾನು ತಾನಾಗೇ ಹುಟ್ಟುತ್ತಾ ಅಂತ.”

“ಆ ಕೊಳೇಲಾ?”

“ಹೂಂ. ಆಗ ಅದನ್ನ ತಿಂದು ಮುಗಿಸೋಕೆ ಒಂದು ಹುಳಾನೂ ಇರ್ಲಿಲ್ಲ. ಕೋಟಿಗಟ್ಟಲೆ ವರ್ಷ ಹಾಗೇ ಬಿದ್ದಿತ್ತು. ಅದಕ್ಕೇ ಜೀವ ಹುಟ್ಟಿರ್ಬೇಕು.”

ಅಕ್ಕ ಹಣೆ ಚಚ್ಚಿಕೊಂಡಳು.

“ಸದ್ಯ, ಆಗ ನಾನಿರ್ಲಿಲ್ಲ ಬಿಡು. ಲಕಲಕ ಅಂತ ತೊಳೆದು ಬೋರಲು ಹಾಕಿರ್ತಿದ್ದೆ. ನೀನೂ ಇಲ್ಲ, ನಾನೂ ಇಲ್ಲ, ಈ ಬಸ್ಸೂ ಇಲ್ಲ!”

ಬಸ್ಸು ಬಂತು. ಹುಡುಗಿ ಅವಳ ಕೈ ಹಿಡಿದು ಹತ್ತಿಸಿದಳು. ಒಳಗಿನಿಂದಲೂ ಇಬ್ಬರ ನಗು ಕೇಳುತ್ತಿತ್ತು. ಆ ಸೋಪಿನ ಡಬ್ಬಿ ಬರಿದು ಮಾಡಿದವರು ಯಾರೋ, ಅವರಿಗೆ ನಾನು ನಿಂತಲ್ಲೇ ಕೈಮುಗಿದೆ.